ಗುರುವಾರದ ನಡುನೋವು

ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಈ ನಾಲ್ಕೂ ಊರುಗಳ ಆಸ್ಪತ್ರೆಗಳಲ್ಲಿ ಮೂರು ದಶಕಕ್ಕೂ ಮಿಗಿಲಾಗಿ ಭೌತಚಿಕಿತ್ಸಕಿಯಾಗಿ ದುಡಿದು, ಈ ತಿಂಗಳ ಕೊನೆಗೆ ವಯೋನಿವೃತ್ತಿ ಹೊಂದುತ್ತಿರುವ ಶ್ರೀಮತಿ ಅಲಮೇಲು ಅವರನ್ನು ವೈದ್ಯಲೋಕ ಯಾವ ಸಾಲಿನಲ್ಲಿ ಕೂರಿಸುತ್ತದೆಯೋ ನಾನರಿಯೆ. ವೈದ್ಯರ ಸಾಲಿನಲ್ಲಿ ಅವರಿಲ್ಲ, ದಾದಿಯರ ಸಾಲಿನಲ್ಲಿಯೂ ಇಲ್ಲ. ಆಸ್ಪತ್ರೆಯ ಸಮಾರಂಭಗಳ ಫೋಟೋಗಳಲ್ಲಿ ಅವರು ಎರಡು ಸಾಲುಗಳ ನಡುವೆ, ಯಾರದೋ ಭುಜದ ಹಿಂದಿನಿಂದ ಇಣುಕುತ್ತಿರುತ್ತಾರೆ. ಜನ ಮಾತ್ರ ಯಾವ ಆದೇಶಕ್ಕೂ ಕಾಯದೆ ಅವರಿಗೊಂದು ಹುದ್ದೆಯನ್ನು ಸೃಷ್ಟಿಸಿಕೊಟ್ಟಿದ್ದಾರೆ: ‘ಎಕ್ಸರ್‌ಸೈಜ್ ಮೇಡಂ’. ಕ್ಯಾನ್ಸರಿನ ಚಿಕಿತ್ಸೆ ಮುಗಿದು, ‘ಗುಣವಾಗಿದೆ, ಇನ್ನು ಮನೆಗೆ ಹೋಗಿ’ ಎಂಬ ಮಾತು ಕಿವಿಗೆ ಬಿದ್ದ ಮೇಲೂ ಮೈಯಿಂದ ಇಳಿಯದೆ ಉಳಿಯುವ ಸುಸ್ತನ್ನು ಮರ್ಯಾದೆಯಿಂದ ನಡೆಸಿಕೊಂಡು, ಅದನ್ನು ಹೊತ್ತವರಿಗೆ ಅದರೊಡನೆ ಬಾಳುವ ಬಗೆಯನ್ನು ಕಲಿಸಿದವರು ನಮ್ಮ ಸೀಮೆಯಲ್ಲಿ, ನಾನು ಬಲ್ಲಂತೆ, ಅವರೊಬ್ಬರೇ.

ಅಭಿನಂದನ ಸಮಿತಿಯ ಅಧ್ಯಕ್ಷರೂ ನಿವೃತ್ತ ಫಾರ್ಮಸಿಸ್ಟರೂ ಆದ ರಮೇಶ್‌ಬಾಬು ಅವರು ಫೋನ್ ಮಾಡಿ, “ಸಾರ್, ಮೇಡಂ ಅವರ ದಣಿವರಿಯದ ಸೇವೆ ಬಗ್ಗೆ ಅಭಿನಂದನ ಗ್ರಂಥಕ್ಕೆ ಒಂದು ಲೇಖನ ಬರ್ಕೊಡ್ಬೇಕು. ಸಮಾರಂಭದ ನಿರೂಪಣೆನೂ ನಿಮ್ದೇ. ನಿಮ್ಮಂಗೆ ನಿಂತು ಮಾತಾಡೋರು ಇನ್ಯಾರಿದಾರೆ?” ಎಂದರು. ಕನ್ನಡ ಅಧ್ಯಾಪಕನಾದ ನನಗೆ ‘ದಣಿವರಿಯದ’ ಎಂಬ ಮಾತು ಹೊಸದಲ್ಲ. ಪ್ರಾಂಶುಪಾಲರಿಂದ ಹಿಡಿದು ಹಾಲಿನ ಡೇರಿಯ ಕಾರ್ಯದರ್ಶಿಯವರೆಗೆ ಈ ಜಿಲ್ಲೆಯಲ್ಲಿ ನಿವೃತ್ತರಾದ ಬಹುಮಂದಿಯನ್ನು ನಾನು ದಣಿವರಿಯದವರನ್ನಾಗಿ ಮಾಡಿದ್ದೇನೆ. ಅವರಲ್ಲಿ ಕೆಲವರು ದಣಿಯುವಂಥ ಕೆಲಸವನ್ನೇ ಮಾಡಿರಲಿಲ್ಲ. ಆದರೆ ಅಲಮೇಲು ಅವರ ಮುಂದೆ ಆ ಮಾತನ್ನಾಡುವ ಧೈರ್ಯ ನನಗಿಲ್ಲ. ಏಕಿಲ್ಲವೆಂಬುದೇ ಈ ಲೇಖನ.

“ಅಂದಹಾಗೆ ಮೇಡಂ ನಿಮಗೆ ಪರಿಚಯ ಹೆಂಗೆ?” ಎಂದು ಕೇಳಿದ ರಮೇಶ್‌ಬಾಬು, ಉತ್ತರವನ್ನೂ ತಾವೇ ಕೊಟ್ಟುಕೊಂಡರು. “ಓ, ನಿಮ್ ನಡುನೋವು, ಅಲ್ವಾ?”

ಹೂಂ ಎಂದೆ.

ಅಲಮೇಲು ಗೌರಿಬಿದನೂರಿನವರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಪುಟ್ಟಸ್ವಾಮಯ್ಯನವರ ಒಬ್ಬಳೇ ಮಗಳು. ಸೇವೆಯ ಮೊದಲ ವರ್ಷಗಳು ಹುಟ್ಟೂರಿನಲ್ಲೇ ಕಳೆದವು. ಪೋಲಿಯೋ ಮಕ್ಕಳು, ಟ್ರ್ಯಾಕ್ಟರಿನಿಂದ ಬಿದ್ದವರು, ಲಕ್ವ ಹೊಡೆದ ಹಿರಿಯರು. ವಿದುರಾಶ್ವತ್ಥದ ಕಡೆಯ ಮುದುಕರೊಬ್ಬರು ಬಸ್ ಹತ್ತಲಾರದಾದಾಗ, ರಜೆಯ ದಿನಗಳಲ್ಲಿ ತಾವೇ ಅಲ್ಲಿಗೆ ಹೋಗಿ ಅವರನ್ನು ಅಂಗಳದಲ್ಲಿ ನಡೆಸಿ ಬರುತ್ತಿದ್ದುದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಶಿಡ್ಲಘಟ್ಟಕ್ಕೆ ವರ್ಗವಾದ ಮೇಲೆ ಬಿಸಿನೀರಿನಲ್ಲಿ ಕೈಯಾಡಿಸುವ ರೇಷ್ಮೆ ಬಿಚ್ಚುವವರ ಬೆರಳುಗಳು, ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೆಂಗಸರ ಬೆನ್ನುಗಳು ಅವರ ಪಾಲಿಗೆ ಬಂದವು. ನಿಂತು ಮಾಡುವ ಕೆಲಸದಲ್ಲಿ ಕೂತು ಮಾಡಬಹುದಾದದ್ದು ಯಾವುದು ಎಂದು ಹುಡುಕುವುದು ಆಗಲೇ ಅವರಿಗೆ ಅಭ್ಯಾಸವಾಯಿತು. ಒಂದು ಮರದ ಸ್ಟೂಲನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಮನೆಗೆ ಒಯ್ದು ಕೂರುವುದನ್ನು ತೋರಿಸಿಕೊಡುತ್ತಿದ್ದರಂತೆ. ಸ್ಟೂಲ್ ಮಾರುವವರೆಂದು ತಿಳಿದು ಕೆಲವರು ರೇಟು ಕೇಳಿದ್ದೂ ಉಂಟು.

ಚಿಂತಾಮಣಿಗೆ ಬಂದಾಗ ತಂದೆಯೂ ಜೊತೆಗೆ ಬಂದರು. ಅಲ್ಲಿರುವಾಗಲೇ ಪುಟ್ಟಸ್ವಾಮಯ್ಯನವರಿಗೆ ಗಂಟಲಿನ ಕ್ಯಾನ್ಸರ್ ಆಗಿ, ಬೆಂಗಳೂರಿನಲ್ಲಿ ಚಿಕಿತ್ಸೆಯಾಗಿ, ಪೂರ್ತಿ ಗುಣವೂ ಆಯಿತು. ಮುಂದಿನದನ್ನು ಮೇಡಂ ತಮ್ಮ ತರಗತಿಗೆ ಬರುವ ನಮಗೆಲ್ಲ ಹೇಳಿದ್ದಾರೆ. ಹೇಳುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ. ಗುಣವಾದ ಮೇಲೂ ತಂದೆ ಹಗಲೆಲ್ಲ ಮಲಗುವುದನ್ನು ಕಂಡು, ಅದು ಮನಸ್ಸಿನ ಜಡವೆಂದು ತಿಳಿದು, “ಏಳಪ್ಪ, ಎಲ್ಲಾ ಸರಿಹೋಗಿದೆ ಅಂದಿದಾರಲ್ಲ, ನಾಲ್ಕು ಹೆಜ್ಜೆ ನಡಿ” ಎಂದು ಮಗಳು ದಿನಾ ಬೆಳಿಗ್ಗೆ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿ ಕೆಲಸಕ್ಕೆ ಹೋಗುತ್ತಿದ್ದರು. ತಂದೆ ಆ ಹಾಸಿಗೆಯನ್ನು ಒಮ್ಮೆಯೂ ಕೇಳಲಿಲ್ಲ. ಗುಮಾಸ್ತರ ಶಿಸ್ತಿನಿಂದ ಕುರ್ಚಿಯಲ್ಲಿ ನೆಟ್ಟಗೆ ಕೂತು, ತಲೆಯನ್ನು ಗೋಡೆಗೆ ಆನಿಸಿಕೊಂಡು ಸಂಜೆ ಮಾಡುತ್ತಿದ್ದರು. ಆ ಸುಸ್ತು ಚಿಕಿತ್ಸೆಯದೇ ಶೇಷ, ವರ್ಷಗಟ್ಟಲೆ ಉಳಿಯಬಹುದಾದದ್ದು, ಅದಕ್ಕೆ ನಡಿಗೆಯೂ ಬೇಕು ಹಾಸಿಗೆಯೂ ಬೇಕು ಎಂಬುದನ್ನು ಮಗಳು ಒಂದು ತರಬೇತಿಯಲ್ಲಿ ಕೇಳಿ ತಿಳಿಯುವ ಹೊತ್ತಿಗೆ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಗೋಡೆಯ ಮೇಲೆ ತಲೆಯೆಣ್ಣೆಯ ದುಂಡನೆ ಗುರುತು ಉಳಿಯಿತು. ಮನೆ ಖಾಲಿ ಮಾಡುವವರೆಗೂ ಅವರು ಆ ಗೋಡೆಗೆ ಸುಣ್ಣ ಹೊಡೆಸಲಿಲ್ಲ.

ಕ್ಯಾನ್ಸರ್ ಗುಣವಾದರೂ ಸುಸ್ತು ಉಳಿದವರಿಗೆಂದು ಮೇಡಂ ನಡೆಸುವ ಗುರುವಾರದ ತರಗತಿ ಹುಟ್ಟಿದ್ದು ಆ ಗೋಡೆಯಿಂದ. ಚಿಂತಾಮಣಿಯಲ್ಲಿ ಆರಂಭವಾಗಿ, ಮೇಡಂ ಜೊತೆಯಲ್ಲೇ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ಬಂತು. ಆದರೆ ಅದಕ್ಕೆ ಜನರನ್ನು ಕರೆಯುವುದು ಹೇಗೆ? ಕ್ಯಾನ್ಸರ್ ಎಂದರೆ ನಮ್ಮಲ್ಲಿ ಈಗೀಗ ಜನ ದನಿ ತಗ್ಗಿಸಿಯಾದರೂ ಹೇಳುತ್ತಾರೆ; ‘ನನಗೆ ಸುಸ್ತು’ ಎಂದು ದನಿ ತಗ್ಗಿಸಿಯೂ ಹೇಳುವುದಿಲ್ಲ. ಸುಸ್ತು ಎನ್ನುವವಳು ಕೆಲಸಗಳ್ಳಿ, ಸುಸ್ತು ಎನ್ನುವವನು ಗಂಡಸೇ ಅಲ್ಲ. ನಡುನೋವಿಗಾದರೋ ಸಮಾಜದಲ್ಲಿ ಒಳ್ಳೆಯ ಸ್ಥಾನವಿದೆ. ಅದು ದುಡಿದವರಿಗೆ ಬರುವಂಥದ್ದು. ಅದಕ್ಕೆ ಎಣ್ಣೆಯಿದೆ, ಪಟ್ಟಿಯಿದೆ, ಬೆಲ್ಟಿದೆ, ಅಕ್ಕಪಕ್ಕದವರ ಸಲಹೆಯಿದೆ. ಹೀಗಾಗಿ ಬಂದವರೆಲ್ಲ ಮನೆಯಲ್ಲಿ ನಡುನೋವೆಂದು ಹೇಳಿ ಬರುತ್ತಿದ್ದರು. ಅವರ ಮರ್ಯಾದೆ ಕಾಯಲೆಂದು ಮೇಡಂ ಕೂಡ ಚೀಟಿಯಲ್ಲಿ ನಡುನೋವೆಂದೇ ಬರೆದು, ಬಾಗಿಲಿಗೂ ‘ನಡುನೋವಿನ ವಿಭಾಗ’ ಎಂಬ ಬೋರ್ಡು ಹಾಕಿಸಿದರು. ಗುರುವಾರ ಬಂತೆಂದರೆ ಜಿಲ್ಲೆಯಲ್ಲಿ ನಡು ಗಟ್ಟಿಯಾಗಿರುವವರೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಲ್ಲಿ ಸೇರುತ್ತಿದ್ದರು.

ನಾನೂ ಸೇರಿದೆ. ಕರುಳಿನ ಕ್ಯಾನ್ಸರಿನಿಂದ ಪಾರಾಗಿ ಬಂದಿದ್ದ ನನ್ನನ್ನು ಊರಿನ ಸಂಘಗಳು ‘ಕ್ಯಾನ್ಸರ್ ಗೆದ್ದ ಧೀರ’ ಎಂದು ವೇದಿಕೆಗೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಿದ್ದ ಕಾಲವದು. ಆ ಬುಟ್ಟಿಯನ್ನು ಕೆಳಗಿಡುವವರೆಗೆ ಹಿಡಿದು ನಿಲ್ಲುವುದೇ ಧೀರನಿಗೆ ಕಷ್ಟವಾಗುತ್ತಿತ್ತು. ತರಗತಿಯಲ್ಲಿ ಪದ್ಯವೊಂದನ್ನು ಓದಿದ ಮೇಲೆ ಅದರ ಅರ್ಥ ಹೇಳಲು ಉಸಿರು ಹುಡುಕಬೇಕಿತ್ತು. ವಿದ್ಯಾರ್ಥಿಗಳು ಅದನ್ನು ರಸಾನುಭವವೆಂದು ತಿಳಿದು ತಾವೂ ಮೌನವಾಗುತ್ತಿದ್ದರು. ಆದರೂ ಕೂರಲಿಲ್ಲ. ಕೂತು ಪಾಠ ಹೇಳುವವರನ್ನು ಸೇವೆಯುದ್ದಕ್ಕೂ ಹಾಸ್ಯ ಮಾಡಿದ್ದವನು ಈಗ ಹೇಗೆ ಕೂರಲಿ? ಗೆದ್ದವನು ಮಧ್ಯಾಹ್ನ ಮಲಗುವುದುಂಟೆ? ಮನೆಯಲ್ಲಿ ನನ್ನ ಹೆಂಡತಿ ಶ್ರೀವಲ್ಲಿ “ಏನಾಗ್ತಿದೆ ರೀ?” ಎಂದು ಕೇಳಿದ ದಿನ, ಬಾಯಿಗೆ ತಾನಾಗಿ ಬಂದ ಮಾತು, “ನಡು.”

ಮೇಡಂ ಪಾಠ ಹೇಳುವ ಬಗೆಯೇ ಬೇರೆ. ಅಂಬಾಜಿದುರ್ಗದ ತಪ್ಪಲಲ್ಲಿ ಟೊಮೇಟೊ ಬೆಳೆಯುವ ಕೊಂಡಪ್ಪನವರನ್ನು ಒಮ್ಮೆ ಕೇಳಿದರು: “ನಿಮ್ ಬೋರು ನೀರು ಕಮ್ಮಿಯಾಗಿ ಗ್ಯಾಪ್ ಕೊಡಕ್ಕೆ ಶುರು ಮಾಡಿದ್ರೆ ಏನ್ ಮಾಡ್ತೀರಾ?”

“ಮೋಟ್ರು ನಿಲ್ಲಿಸ್ತೀನಿ ಮೇಡಂ. ನೀರು ಊರಿದ ಮೇಲೆ ಮತ್ತೆ ಹಾಕ್ತೀನಿ.”

“ಬರೋ ಅಷ್ಟೂ ಬರ್ಲಿ ಅಂತ ಓಡಿಸ್ತಾನೇ ಇದ್ರೆ?”

“ಸುಟ್ಟೋಗ್ತದೆ.”

“ಪೂರ್ತಿ ನಿಲ್ಲಿಸಿ, ತಿಂಗಳುಗಟ್ಲೆ ಹಾಕ್ದೇನೇ ಇದ್ರೆ?”

“ಅದೂ ಕಷ್ಟಾನೇ, ಜಾಮ್ ಆಗ್ತದೆ.”

“ನಿಲ್ಲಿಸಿದಾಗ ಬೋರಿಗೆ ಸೋಮಾರಿ ಅಂತ ಬೈತೀರಾ?”

ಕೊಂಡಪ್ಪ ನಕ್ಕುಬಿಟ್ಟರು. ಮೇಡಂ ನಗಲಿಲ್ಲ. ಅವರ ಪಾಠದ ಸಾರ ಇಷ್ಟು: ಸುಸ್ತಾಗುವ ಮುಂಚೆಯೇ ಕೂರಿ, ಬೀಳುವವರೆಗೆ ಕಾಯಬೇಡಿ. ಮೈಯಲ್ಲಿ ಕಸುವಿರುವ ಹೊತ್ತು ಯಾವುದೆಂದು ನಿಮಗೆ ನೀವೇ ಕಂಡುಕೊಂಡು, ಮುಖ್ಯವಾದ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಸ್ವಲ್ಪವಾದರೂ ದಿನಾ ನಡೆಯಿರಿ. ಹಗಲು ಸ್ವಲ್ಪ ಹೊತ್ತು ಮಲಗಿ, ಆಮೇಲೆ ಹೊರಳಾಡದೆ ಎದ್ದುಬಿಡಿ. ಒಳ್ಳೆಯ ದಿನ ಬಂತೆಂದು ವಾರದ ಕೆಲಸವನ್ನೆಲ್ಲ ಒಮ್ಮೆಗೇ ಮಾಡಬೇಡಿ. ಇದನ್ನೆಲ್ಲ ಅವರು ಯಾರಿಗೂ ಆಜ್ಞೆಯಂತೆ ಹೇಳಲಿಲ್ಲ. ಪ್ರತಿಯೊಬ್ಬರೂ ತಮ್ಮ ದಿನವನ್ನು ತಾವೇ ಬಿಡಿಸಿ ಹೇಳುವಂತೆ ಮಾಡಿ, ಎಲ್ಲಿ ಕೂರಬಹುದೆಂದು ಅವರ ಬಾಯಲ್ಲೇ ಹೊರಡಿಸುತ್ತಿದ್ದರು. ಕಡೆಯಲ್ಲಿ ಒಂದೇ ಮನೆಗೆಲಸ: ಮನೆಯಲ್ಲಿ ಒಬ್ಬರಿಗಾದರೂ ‘ನನಗೆ ಸುಸ್ತು’ ಎಂದು ಹೇಳಿ ಬರಬೇಕು. ಮಿಕ್ಕಿದ್ದನ್ನೆಲ್ಲ ಮಾಡಿದೆವು. ಅದೊಂದನ್ನು ಯಾರೂ ಮಾಡಲಿಲ್ಲ. ಮೇಡಂ ಒತ್ತಾಯಿಸಲೂ ಇಲ್ಲ. ಬಾಗಿಲ ಮೇಲಿನ ಬೋರ್ಡು ನಮ್ಮನ್ನೆಲ್ಲ ಕಾಯುತ್ತಿತ್ತಲ್ಲ.

ನಮ್ಮ ಜೊತೆಗೆ ಜಂಗಮಕೋಟೆಯ ಕಡೆಯಿಂದ ಜ್ಯೋತಿಲಕ್ಷ್ಮಿ ಎಂಬವರು ಬರುತ್ತಿದ್ದರು. ಸ್ತನ ಕ್ಯಾನ್ಸರಿಗೆ ಚಿಕಿತ್ಸೆಯಾಗಿ ಗುಣವಾದವರು. ರೇಷ್ಮೆ ಹುಳು ಸಾಕುವ ಮನೆಯ ಸೊಸೆ. ಹಗಲು ಮಲಗಲು ಅವರು ಕಂಡುಕೊಂಡಿದ್ದ ಜಾಗ ಹುಳದ ಮನೆ. ಹುಳಕ್ಕೆ ರೋಗ ತಗಲೀತೆಂದು ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ, ಮನೆಯವರೂ ಕೈಕಾಲು ತೊಳೆಯದೆ ಬರುವಂತಿಲ್ಲ. ಹಾಗಾಗಿ ಹುಳು ಸಾಕುವ ತಟ್ಟೆಗಳ ಸಾಲಿನ ಹಿಂದೆ ಗೋಣಿಚೀಲ ಹಾಸಿಕೊಂಡರೆ, ಬಾಗಿಲಲ್ಲಿ ನೀರಿನ ಸದ್ದು ಕೇಳಿದ ಕೂಡಲೇ ಎದ್ದು ಸೊಪ್ಪು ಹಾಕುತ್ತಾ ನಿಲ್ಲಬಹುದು. ಅವರು ಇದನ್ನು ಹೇಳಿದಾಗ ನಾವೆಲ್ಲ ಅವರ ಜಾಣತನವನ್ನು ಮೆಚ್ಚಿ ನಕ್ಕೆವು.

ಅತ್ತೆ ಗಂಗುಲಮ್ಮನವರು ಸೊಸೆಯ ನಡುನೋವನ್ನು ನಂಬಿದ್ದರು. ನಂಬಿದ್ದರಿಂದ ವಾಸಿ ಮಾಡಲು ಹೊರಟರು. ಅವರ ಕಿರಿಯ ಮಗ ಮೋಹನ್‌ಬಾಬು ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಹಾಗೆ ಹುಟ್ಟಿದವರು ಬೆನ್ನು ತುಳಿದರೆ ನಡು ಹಿಡಿದುಕೊಂಡದ್ದು ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಯಾವ ಊರಿನಲ್ಲಿ ಯಾರು ಹಾಗೆ ಹುಟ್ಟಿದವರೆಂದು ಸುತ್ತಲಿನವರಿಗೆಲ್ಲ ತಿಳಿದೂ ಇರುತ್ತದೆ. ವಾರವೆಲ್ಲ ಬೆಂಗಳೂರಿನ ಕಂಪನಿಯೊಂದರ ಲೆಕ್ಕ ನೋಡುವ ಮೋಹನ್‌ಬಾಬು ಭಾನುವಾರ ಊರಿಗೆ ಬಂದರೆ, ತುಳಿಸಿಕೊಳ್ಳುವವರು ಜಗಲಿಯ ಮೇಲೆ ಕಾದಿರುತ್ತಾರೆ. ಅತ್ತಿಗೆಯ ವಿಷಯದಲ್ಲಿ ಅವರು ಹಿಂಜರಿದರಂತೆ.

“ಅತ್ತಿಗೆ ಬೆನ್ನ ಮೇಲೆ ಹೆಂಗಮ್ಮ ಕಾಲಿಡೋದು? ತಾಯಿ ಸಮಾನ.”

“ತಾಯಿ ಸಮಾನ ಅಂತಾನೇ ಹೇಳ್ತಿರೋದು ಕಣೋ. ಒದಿ ಅಂದ್ನಾ ನಾನು? ವಾಸಿ ಮಾಡು ಅಂದೆ.”

ಮೈದುನ ಮೊದಲು ಅತ್ತಿಗೆಯ ಕಾಲಿಗೆ ನಮಸ್ಕಾರ ಮಾಡಿ, ಕ್ಷಮೆ ಕೇಳಿ, ಆಮೇಲೆ ಬೆನ್ನಿನ ಮೇಲೆ ಕಾಲಿಟ್ಟರು. ಚಿಕಿತ್ಸೆಯ ಮಾತ್ರೆಗಳಿಂದ ಜ್ಯೋತಿಲಕ್ಷ್ಮಿಯವರ ಮೂಳೆಗಳು ತೆಳುವಾಗಿದ್ದವು. ಎರಡನೆಯ ಸಲ ತುಳಿದಾಗ ಪಕ್ಕೆಲುಬು ಬಿರುಕುಬಿಟ್ಟಿತು.

“ಬೋರಲು ಮಲಗಿಸಿದಾಗ ನಡುನೋವಿಲ್ಲ ಅಂತ ಹೇಳ್ಬಿಡಣ ಅನ್ನಿಸ್ತು. ಬಾಯಿ ತೆಗ್ದೆ ಸಾರ್,” ಎಂದು ಮುಂದೊಂದು ದಿನ ಅವರು ನನಗೆ ಹೇಳಿದರು. “ಹಂಗಾದ್ರೆ ಇಷ್ಟು ದಿನ ಏನು ಅಂತ ಕೇಳಿದ್ರೆ? ಅದಕ್ಕಿಂತ ತುಳಿಸ್ಕೊಳ್ಳೋದೇ ವಾಸಿ ಅಂತ ಸುಮ್ನಾದೆ.”

ಪಕ್ಕೆಲುಬು ಬಿರುಕುಬಿಟ್ಟ ಮೇಲೆ ಅವರಿಗೆ ಹಗಲುಹೊತ್ತು ನಡುಮನೆಯಲ್ಲಿ ಎಲ್ಲರೆದುರು ಮಲಗುವ ಹಕ್ಕು ಸಿಕ್ಕಿತು.

ಸುದ್ದಿ ತಿಳಿದ ದಿನವೇ ಮೇಡಂ ಜಂಗಮಕೋಟೆಗೆ ಹೋದರು. ಅಲ್ಲಿ ನಡೆದುದನ್ನು ನಮಗೆ ಆಡಿ ತೋರಿಸಿದವರು ಜ್ಯೋತಿಲಕ್ಷ್ಮಿಯವರೇ, ಅತ್ತೆಯ ದನಿಯಲ್ಲೇ. ಮೇಡಂ ಕೂರಲೂ ಇಲ್ಲವಂತೆ. ನಿಂತೇ ಹೇಳಿದರಂತೆ: “ಅಮ್ಮಾ, ತಪ್ಪು ನಂದು. ನಿಮ್ ಸೊಸೆಗೆ ನಡುನೋವಿಲ್ಲ. ಯಾವತ್ತೂ ಇರ್ಲಿಲ್ಲ. ಅವಳಿಗಿರೋದು ಸುಸ್ತು. ಚೀಟೀಲಿ ಸುಳ್ಳು ಬರ್ದೋಳು ನಾನು.”

ಗಂಗುಲಮ್ಮ ಸೊಸೆಯ ಕಡೆ ನೋಡಿದರು, ಮೇಡಂ ಕಡೆ ನೋಡಿದರು. “ಅಯ್ಯೋ ದೇವುಡಾ! ಸುಸ್ತಾ? ಅದನ್ನ ಹೇಳಕ್ಕೆ ಏನಾಗಿತ್ತೇ ನಿಂಗೆ? ನಾನೇನು ರಾಕ್ಷಸೀನಾ?”

“ಹೇಳಿದ್ರೆ ಬೈತಿದ್ದೆ ಅತ್ತೆ ನೀನು.”

“ಬೈತಿದ್ದೆ. ಬೈದು ಆಮೇಲೆ ಮಲ್ಕೋ ಅಂತಿದ್ದೆ. ಬೈಸ್ಕೊಳ್ಳಕ್ಕೆ ನಾಚಿಕೆ ಪಟ್ಕೊಂಡು ಮೂಳೆ ಮುರಿಸ್ಕೊಂಡ್ಯಲ್ಲೇ! ಆ ಹುಡುಗನ್ನ ನೋಡು, ಇನ್ನು ಜನ್ಮದಲ್ಲಿ ಯಾರ ಮೇಲೂ ಕಾಲಿಡಲ್ಲ ಅಂತ ಅಳ್ತಾ ಕೂತವ್ನೆ.”

ಮುಂದಿನ ಗುರುವಾರ ಮೇಡಂ ತರಗತಿಗೆ ಬಂದು, ಎಂದಿನಂತೆ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ, ಕೈಕಟ್ಟಿಕೊಂಡು ನಿಂತರು. “ನಿಮ್ಮ ಮಾನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ. ಮರ್ಯಾದೆ ಕೊಡೋದು ಅಂದ್ರೆ ಅದೇ ಅನ್ಕೊಂಡಿದ್ದೆ. ಆದ್ರೆ ನಿಮ್ ಜೊತೆ ಸೇರ್ಕೊಂಡು ನಾನೂ ನಾಚ್ಕೊತಿದ್ದೆ, ಅಷ್ಟೆ. ನಮ್ಮಪ್ಪನ ಹಾಸಿಗೆ ಅಟ್ಟಕ್ಕೆ ಹಾಕಿದ್ದೂ ನಾನೇ, ನಿಮ್ ಸುಸ್ತನ್ನ ಬೋರ್ಡಿನ ಹಿಂದೆ ಹಾಕಿದ್ದೂ ನಾನೇ.” ಆಸ್ಪತ್ರೆಯೊಂದರಲ್ಲಿ ಅಧಿಕಾರದಲ್ಲಿರುವವರು ರೋಗಿಗಳ ಮುಂದೆ ಹೀಗೆ ತಲೆತಗ್ಗಿಸಿ ನಿಂತದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಸಮಾಧಾನದ ಮಾತಾಡುವ ಯೋಗ್ಯತೆ ನಮ್ಮಲ್ಲಿ ಯಾರಿಗಿತ್ತು?

ಬೋರ್ಡು ಬದಲಾಯಿತು: ‘ಸುಸ್ತಿನ ತರಗತಿ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ.’ ಕೂಡಲೇ ಜಿಲ್ಲೆಯ ನಡುನೋವುಗಳೆಲ್ಲ ಪವಾಡದಂತೆ ವಾಸಿಯಾದವು. ವಾರಗಟ್ಟಲೆ ಮೇಡಂ ಖಾಲಿ ಕುರ್ಚಿಗಳ ಎದುರು ಕೂತರು. ಒಂದು ಕುರ್ಚಿಯನ್ನೂ ತೆಗೆಸಲಿಲ್ಲ. ಮೊದಲು ಮರಳಿ ಬಂದವರು ಜ್ಯೋತಿಲಕ್ಷ್ಮಿ, ಜೊತೆಗೆ ಗಂಗುಲಮ್ಮ. ಅತ್ತೆ ಬಂದದ್ದು ಸೊಸೆಯ ಕೈಹಿಡಿದುಕೊಂಡು. ಆಮೇಲೆ ಯಾರೂ ಕರೆಯದಿದ್ದರೂ ಪ್ರತಿ ಗುರುವಾರ ಬಂದು, ತಡವರಿಸುವವರನ್ನು ಗದರಿಸಿ ಮಾತಾಡಿಸುವ ಹೊಣೆಯನ್ನು ತಾವೇ ವಹಿಸಿಕೊಂಡರು. ಒಬ್ಬೊಬ್ಬರಾಗಿ ಜನ ಬಂದರು. ನಾನೂ ಹೋದೆ, ಕತ್ತು ತಗ್ಗಿಸಿಕೊಂಡು.

“ನಿಮ್ಗೂ ಸುಸ್ತೇನಪ್ಪಾ, ಮೇಷ್ಟ್ರೇ?” ಎಂದರು ಗಂಗುಲಮ್ಮ.

“ನಡು ಸ್ವಲ್ಪ...” ಎಂದೆ, ಸುಸ್ತಿನ ತರಗತಿಯ ನಡುಮಧ್ಯದಲ್ಲಿ ಕೂತು.

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮೇಡಂ ಮಾತ್ರ ನಗದೆ ನನ್ನನ್ನು ನೋಡಿದರು. ಆ ನೋಟದಲ್ಲಿ ಬೈಗುಳವಿದ್ದಿದ್ದರೆ ಸುಲಭವಾಗುತ್ತಿತ್ತು.

ತರಗತಿಯ ಒಳಗೆ ಆ ದಿನದಿಂದ ನಿಜ ಹೇಳಿದೆ. ಹೊರಗೆ ಮಾತ್ರ ಇಂದಿನವರೆಗೂ ನನ್ನದು ನಡುನೋವೇ. ಪ್ರಾಂಶುಪಾಲರು ಪ್ರೀತಿಯಿಂದ ತಂದುಕೊಟ್ಟ ಬೆಲ್ಟನ್ನು ಕಟ್ಟಿಕೊಂಡೇ ಕಾಲೇಜಿಗೆ ಹೋಗುತ್ತೇನೆ. ಇಲ್ಲದ ನೋವಿನ ಸುತ್ತ ಅದು ಬಿಗಿಯಾಗಿ, ಇರುವ ಸುಸ್ತನ್ನು ಹೆಚ್ಚಿಸುತ್ತದೆ. ಮನೆಯಲ್ಲಿ ಶ್ರೀವಲ್ಲಿ ಬ್ಯಾಂಕಿನಿಂದ ಬಂದು, ಅಡುಗೆ ಮುಗಿಸಿ, ದಿನಾ ನನ್ನ ನಡುವಿಗೆ ಮುಲಾಮು ತಿಕ್ಕುತ್ತಾಳೆ. ಜ್ಯೋತಿಲಕ್ಷ್ಮಿಯವರ ಹಾಗೆ ನಾನೂ ಬೋರಲು ಮಲಗಿ ಬಾಯಿ ತೆರೆಯುತ್ತೇನೆ, ಮುಚ್ಚುತ್ತೇನೆ. ಈ ಲೇಖನದ ವಿವರಗಳಿಗೆಂದು ಹೋದ ತಿಂಗಳು ಮೇಡಂ ಮನೆಗೆ ಹೋಗಿದ್ದಾಗ, ಕಾಫಿ ಕೊಟ್ಟು ಅವರು ಕೇಳಿದ್ದು ಒಂದೇ ಮಾತು: “ನಡು ಹೆಂಗಿದೆ ಸಾರ್?” ಆ ಕಾಫಿಯನ್ನು ಹೇಗೆ ಕುಡಿದೆನೋ ನನಗೆ ನೆನಪಿಲ್ಲ.

ಆದ್ದರಿಂದ, ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಸಲ್ಲದೆಂಬುದು ಗೊತ್ತಿದ್ದೂ, ಗುರುದಕ್ಷಿಣೆಯಾಗಿ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ: ನನಗೆ ನಡುನೋವಿಲ್ಲ. ಯಾವತ್ತೂ ಇರಲಿಲ್ಲ. ನನಗೆ ಸುಸ್ತು.

ನಾನು ಬರೆದದ್ದನ್ನು ಮೊದಲು ಓದುವವಳು ಶ್ರೀವಲ್ಲಿಯೇ. ಇಲ್ಲಿಯವರೆಗಿನ ಹಾಳೆಗಳನ್ನು ನಿನ್ನೆ, ಭಾನುವಾರ ಬೆಳಿಗ್ಗೆ, ಅವಳ ಕೈಗೆ ಕೊಟ್ಟು, ಪಕ್ಕದ ಕೋಣೆಗೆ ಹೋಗಿ ಕೂತೆ. ತುಸು ಹೊತ್ತಿನ ಮೇಲೆ ಬಂದಳು. ಮುಲಾಮಿನ ಸೀಸೆಯನ್ನು ನನ್ನ ಮುಂದೆ ಇಟ್ಟಳು. “ಇದನ್ನ ರಮೇಶ್‌ಬಾಬು ಅವರಿಗೆ ಕೊಟ್ಟುಬಿಡಿ. ಅವರಿಗಾದ್ರೆ ನಿಜವಾಗ್ಲೂ ನಡುನೋವು” ಎಂದಳು. ಬೈಗುಳಕ್ಕೆ ಸಿದ್ಧನಾಗಿಯೇ ಇದ್ದೆ. ಅವಳು ಬೈಯಲಿಲ್ಲ, ಹಾಸಿಗೆಯ ತುದಿಯಲ್ಲಿ ಕೂತು, ತನ್ನ ಅಂಗೈಗಳನ್ನು ನೋಡಿಕೊಂಡಳು.

“ತಿಕ್ಕಿ ತಿಕ್ಕಿ ನಂಗೂ ಸಾಕಾಗ್ತಿತ್ತು ರೀ. ಬ್ಯಾಂಕಿಂದ ಬರೋಷ್ಟ್ರಲ್ಲೇ ಬಿದ್ಕೊಂಡ್ರೆ ಸಾಕು ಅನ್ನೋ ಹಂಗಾಗಿರ್ತಿತ್ತು. ಅಂಥಾ ಕಾಯಿಲೆಯಿಂದ ಎದ್ದು ಬಂದಿರೋರ ಮುಂದೆ ನಂಗೆ ಸುಸ್ತು ಅಂತ ಹೆಂಗ್ ಹೇಳೋದು? ನಾಚಿಕೆ ಆಗ್ತಿತ್ತು.”

ಅಂದು ಮಧ್ಯಾಹ್ನ, ಬಾಗಿಲು ತೆರೆದಿಟ್ಟುಕೊಂಡೇ, ನಾವಿಬ್ಬರೂ ಮಲಗಿದೆವು.

ಅಲಮೇಲು ಮೇಡಂ ಅವರಿಗೆ ದೀರ್ಘಾಯುಷ್ಯವನ್ನು ಹಾರೈಸುತ್ತೇನೆ. ನಿವೃತ್ತಿಯ ನಂತರವೂ ಗುರುವಾರಗಳನ್ನು ಬಿಡುವುದಿಲ್ಲವೆಂದು ಅವರು ಹೇಳಿರುವುದು ಈ ನಾಲ್ಕು ತಾಲ್ಲೂಕುಗಳ ಭಾಗ್ಯ. ಆದರೆ ಅವರ ಸೇವೆ ದಣಿವರಿಯದೆ ಸಾಗಲಿ ಎಂದು ನಾನು ಬರೆಯಲಾರೆ. ಅವರು ಬಹುಕಾಲ ಕೆಲಸ ಮಾಡಲಿ, ಮಾಡಿ ದಣಿಯಲಿ, ದಣಿದಾಗ ಎಲ್ಲರೆದುರು ಹಾಗೆಂದು ಹೇಳಿ ಕೂರಲಿ, ಅವರ ಹಾಸಿಗೆಯನ್ನು ಯಾರೂ ಅಟ್ಟಕ್ಕೆ ಹಾಕದಿರಲಿ.

ಸಮಾರಂಭದ ದಿನ ವೇದಿಕೆಯ ಮೇಲೆ ನಿರೂಪಕನಿಗೂ ಒಂದು ಕುರ್ಚಿ ಹಾಕಿಸಬೇಕೆಂದು ಇಂದು ಬೆಳಿಗ್ಗೆ ರಮೇಶ್‌ಬಾಬು ಅವರಿಗೆ ಫೋನ್ ಮಾಡಿದೆ.

“ಯಾಕ್ ಸಾರ್, ನಡುನೋವು ಜಾಸ್ತಿ ಆಯ್ತಾ?” ಎಂದರು.

“ಇಲ್ಲ,” ಎಂದೆ. “ಸುಸ್ತು.”